ಹೆಬ್ಬೆರಳಿಗೆ ಎಟುಕದ ಬಟನ್

ನನ್ನ ಬಲಗೈಯ ಹೆಬ್ಬೆರಳು ದಪ್ಪ ಎಂದು ಮೊದಲು ಹೇಳಿದವರು ನಮ್ಮ ಬಸ್ಸಿನ ಯಜಮಾನರು. ಇಪ್ಪತ್ನಾಲ್ಕು ವರ್ಷ ಅದೇ ಬೆರಳಿನಿಂದ ಟಿಕೆಟ್ ಹರಿದು ಕೊಟ್ಟಿದ್ದೆ. ಅಷ್ಟು ವರ್ಷ ಅದು ಯಾರ ಕಣ್ಣಿಗೂ ದಪ್ಪ ಕಂಡಿರಲಿಲ್ಲ. ಟಿಕೆಟ್ ಮಷೀನು ಬಂದ ಹದಿನೈದೇ ದಿನಕ್ಕೆ ದಪ್ಪವಾಯಿತು, ಮಂದವಾಯಿತು, ಅದಕ್ಕೆ ವಯಸ್ಸೂ ಆಗಿಬಿಟ್ಟಿತು. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಚಿಕ್ಕಬಳ್ಳಾಪುರದಿಂದ ಹೊರಟು ಮಂಚೇನಹಳ್ಳಿ ಮೇಲೆ ಗೌರಿಬಿದನೂರು, ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ಸು, ದಿನಕ್ಕೆ ಮೂರು ಸಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆದರೂ ನಮ್ಮ ಬಸ್ಸಿಗೆ ಹೆಂಗಸರು ಹತ್ತುತ್ತಾರೆ. ಸೇವಂತಿಗೆ ಮೂಟೆ ಇಟ್ಟುಕೊಂಡು ತೋಟದ ದಾರಿಯ ತುದಿಯಲ್ಲಿ ಕೈ ಅಡ್ಡ ಹಿಡಿದರೆ ನಾವು ನಿಲ್ಲಿಸುತ್ತೇವೆ, ಅದಕ್ಕೆ. ಹಾಗಾಗಿ ನಮ್ಮದು ಹೆಜ್ಜೆಗೊಂದು ಸ್ಟಾಪು. ಒಬ್ಬರು ಹತ್ತಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಇಳಿಯಲು ಎದ್ದಿರುತ್ತಾರೆ. ಇಂಥ ದಾರಿಯಲ್ಲಿ ಕಂಡಕ್ಟರನ ಕೈ ಚುರುಕಾಗಿಲ್ಲದಿದ್ದರೆ ಜನ ಟಿಕೆಟ್ ಇಲ್ಲದೆಯೇ ಇಳಿದು ಹೋಗುತ್ತಾರೆ. ಅವರ ತಪ್ಪೂ ಅಲ್ಲ ಅದು.

ನಮ್ಮ ಕೈಗಳಿಗೆ ಒಂದು ಪದ್ಧತಿ ಇದೆ. ಎಡಗೈ ನೋಟಿಗೆ. ಹತ್ತು, ಇಪ್ಪತ್ತು, ಐವತ್ತು, ನೂರು, ಒಂದೊಂದನ್ನೂ ಉದ್ದಕ್ಕೆ ಮಡಿಸಿ ಒಂದೊಂದು ಬೆರಳ ಸಂದಿಗೆ ಸಿಕ್ಕಿಸಿಕೊಳ್ಳಬೇಕು. ಕಣ್ಣುಮುಚ್ಚಿ ಕೇಳಿದರೂ ಯಾವ ಸಂದಿಯಲ್ಲಿ ಯಾವ ನೋಟಿದೆ ಎಂದು ಹೇಳುವಂತಿರಬೇಕು. ಅದೇ ಕೈಯ ಮೊಣಕೈಯನ್ನು ಸೀಟಿನ ಕಂಬಿಗೆ ತಗುಲಿಸಿ ನಿಂತರೆ ಬಸ್ಸು ಎತ್ತ ವಾಲಿದರೂ ಮೈ ವಾಲುವುದಿಲ್ಲ. ಬಲಗೈ ಟಿಕೆಟ್ಟಿಗೆ. ಈ ಪದ್ಧತಿ ನನಗೆ ಕಲಿಸಿದವರು ದೊಡ್ಡ ಯಜಮಾನರು, ಅಂದರೆ ಈಗಿನ ಯಜಮಾನರ ತಂದೆ. ತಾವೇ ಕಂಡಕ್ಟರ್ ಆಗಿದ್ದು ಆಮೇಲೆ ಬಸ್ಸು ಕೊಂಡವರು. "ಎಡಗೈಯಾಗೆ ದುಡ್ಡು, ಬಲಗೈಯಾಗೆ ಟಿಕೇಟು ಕಣೋ. ಎರಡೂ ಬೆರೆಸಿದ್ಯೋ, ಕೆಟ್ಟೆ" ಅನ್ನುತ್ತಿದ್ದರು. ಅಂಟಿಕೊಂಡ ಹಾಳೆ ಬಿಡಿಸಲು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುವ ಚಾಳಿಯೂ ನನಗೆ ಅವರಿಂದಲೇ ಬಂತು.

ಅವರು ತೀರಿಕೊಂಡ ಮೇಲೆ ಮಗ ಯಜಮಾನರಾದರು. ಹುಡುಗನಾಗಿದ್ದಾಗ ಇದೇ ಬಸ್ಸಿನಲ್ಲಿ ನನ್ನ ಪಕ್ಕ ನಿಂತು ಸ್ಕೂಲಿಗೆ ಹೋಗುತ್ತಿದ್ದವರು. ನನ್ನನ್ನು ಅಣ್ಣ ಅಂತಲೇ ಕರೆಯುತ್ತಾರೆ. ಕೆಟ್ಟವರಲ್ಲ. ಆದರೆ ಹೊಸದು ಏನು ಕಂಡರೂ ಬೇಕು. ನಮ್ಮ ಬಸ್ಸಿಗೊಂದು, ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಅವರ ಇನ್ನೊಂದು ಬಸ್ಸಿಗೊಂದು, ಹೀಗೆ ಎರಡು ಟಚ್ ಸ್ಕ್ರೀನ್ ಮಷೀನು ತರಿಸಿದರು. ಒಂದು ಶುಕ್ರವಾರ ಅವರ ಮನೆಯ ಹಜಾರದಲ್ಲಿ ಮಷೀನುಗಳಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ದೂ ಆಯಿತು. ಕಂಪನಿಯಿಂದ ಬಂದಿದ್ದ ಹುಡುಗಿ ನಮ್ಮಿಬ್ಬರು ಕಂಡಕ್ಟರುಗಳನ್ನು ಕುರ್ಚಿಯ ಮೇಲೆ ಕೂರಿಸಿ, ಮಷೀನನ್ನು ಟೇಬಲ್ಲಿನ ಮೇಲಿಟ್ಟು ಕಲಿಸಿಕೊಟ್ಟಳು.

"ನೋಡಿ ಅಂಕಲ್, ಊರು ಒತ್ತಿ. ಎಷ್ಟು ಜನ, ಒತ್ತಿ. ಪ್ರಿಂಟ್ ಒತ್ತಿ. ತುಂಬಾ ಈಸಿ."

ಈಸಿಯೇ ಆಗಿತ್ತು. ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ಮಷೀನು ಹಿಡಿದು, ಬಲಗೈಯ ತೋರುಬೆರಳಿನಲ್ಲಿ ಒತ್ತಿದರೆ ಒಂದನೇ ತರಗತಿಯ ಮಗುವೂ ಟಿಕೆಟ್ ಕೊಡಬಹುದು. ಊರಿನ ಹೆಸರುಗಳು ದೊಡ್ಡ ದೊಡ್ಡ ಚೌಕಗಳಲ್ಲಿದ್ದವು. ಎಷ್ಟು ಜನ ಎನ್ನುವ ಅಂಕಿಗಳೂ ದೊಡ್ಡವೇ. ತೊಂದರೆ ಇದ್ದದ್ದು ಕೊನೆಯ ಪುಟದಲ್ಲಿ, ಟಿಕೆಟ್ ಹೊರಗೆ ಬರಬೇಕಾದ ಪುಟದಲ್ಲಿ.

ಆ ಪುಟದ ನೆತ್ತಿಯಲ್ಲಿ ಬಸ್ಸಿನ ಹೆಸರು, ಅದು ದೇವರ ಹೆಸರು. ಅದರ ಕೆಳಗಿನಿಂದ ತಳದವರೆಗೂ ದೊಡ್ಡ ಯಜಮಾನರ ಫೋಟೋ. ರುಮಾಲು, ಮೀಸೆ, ಕೊರಳಿಗೆ ಹಾರ. ಯಜಮಾನರೇ ಕೇಳಿ ಹಾಕಿಸಿದ್ದು. ದೇವರ ಹೆಸರು ಮೇಲಿರಬೇಕು, ಅದರ ಕೆಳಗೆ ಅಪ್ಪ ಇರಬೇಕು, ಪ್ರತಿ ಟಿಕೆಟ್ಟೂ ಅಪ್ಪನ ಕಣ್ಣಮುಂದೆ ಹೊರಡಬೇಕು ಎನ್ನುವುದು ಅವರ ಆಸೆ. ಇಷ್ಟಾದ ಮೇಲೆ ಜಾಗ ಎಲ್ಲಿ ಉಳಿದಿತ್ತು? ಮೇಲೆ, ಎಡಗಡೆಯ ಮೂಲೆಯಲ್ಲಿ, ಹುಣಸೆಬೀಜದಷ್ಟು ಹಸಿರು ಬಟನ್. ಅದೇ ಪ್ರಿಂಟು. ಅದಕ್ಕೆ ಮೈ ತಾಗಿಸಿಕೊಂಡು ಅಷ್ಟೇ ಗಾತ್ರದ ಕೆಂಪು ಬಟನ್. ಅದು ಕ್ಯಾನ್ಸಲ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅವತ್ತೇ ಅನ್ನಿಸಿತು. ಪೂಜೆಯ ಮನೆಯಲ್ಲಿ ಬಾಯಿಬಿಡಲಿಲ್ಲ, ಅದೊಂದು ನನ್ನ ತಪ್ಪು.

ಸೋಮವಾರ ಬಸ್ಸು ಹೊರಟಿತು. ಎಡಗೈಯ ನಾಲ್ಕು ಸಂದಿಗಳಲ್ಲಿ ನೋಟು, ಮೊಣಕೈ ಕಂಬಿಗೆ. ಮಷೀನು ಬಲ ಅಂಗೈಯ ಮೇಲೆ. ನಾಲ್ಕು ಬೆರಳು ಅದನ್ನು ಕೆಳಗಿನಿಂದ ಹಿಡಿದರೆ ಒತ್ತಲು ಉಳಿಯುವುದು ಹೆಬ್ಬೆರಳೊಂದೇ. ಆ ಬೆರಳು ಸಹಜವಾಗಿ ಬಂದು ಕೂರುವುದು ಮಷೀನಿನ ಕೆಳಭಾಗದಲ್ಲಿ, ದೊಡ್ಡ ಯಜಮಾನರ ಮೀಸೆಯ ಮೇಲೆ. ಅಲ್ಲಿಂದ ಎದುರು ಮೂಲೆಯ ಹುಣಸೆಬೀಜಕ್ಕೆ ಹೋಗಬೇಕಾದರೆ ಹಿಡಿತ ಸಡಿಲಿಸಿ, ಮಷೀನನ್ನು ಅಂಗೈಯಲ್ಲಿ ಜಾರಿಸಿ, ಬೆರಳನ್ನು ನೆಟ್ಟಗೆ ಚಾಚಬೇಕು. ಚಾಚಿದರೆ ಮಷೀನಿನ ರಬ್ಬರ್ ಅಂಚು ಉಗುರಿಗೆ ತಾಗುತ್ತದೆ. ಅಷ್ಟರಲ್ಲಿ ಕಣಿವೆಯ ಒಂದು ತಿರುವು ಬರುತ್ತದೆ. ಬೆರಳು ಕೆಂಪಿನ ಮೇಲೆ ಬೀಳುತ್ತದೆ. ಮತ್ತೆ ಮೊದಲಿಂದ: ಊರು, ಎಷ್ಟು ಜನ.

ಇನ್ನೊಂದಿತ್ತು. ಹಳೆಯ ಚಾಳಿಗೆ ನಾಲಿಗೆಗೆ ತಾಗಿದ ಬೆರಳು ಫೋಟೋದ ಮೇಲೆ ಕೂರುತ್ತಿತ್ತಲ್ಲ! ತೀರಿಕೊಂಡ ಹಿರಿಯರು, ಹಾರ ಹಾಕಿದ ಫೋಟೋ, ನನ್ನ ಎಂಜಲು ಬೆರಳು. ತಾಗಿದಾಗಲೆಲ್ಲ ನನಗೆ ಗೊತ್ತಿಲ್ಲದಂತೆಯೇ ಕೈ ಕಣ್ಣಿಗೆ ಹೋಗುತ್ತಿತ್ತು. ಟಿಕೆಟ್ಟಿಗೊಂದು ಸಲ ಕಣ್ಣಿಗೊತ್ತಿಕೊಳ್ಳುವ ಕಂಡಕ್ಟರನನ್ನು ಯಾರಾದರೂ ಕಂಡಿದ್ದೀರಾ? ಎದುರಿಗೆ ನಿಂತ ಅಜ್ಜಿಯೊಬ್ಬಳು ತೆಲುಗಿನಲ್ಲಿ ಕೇಳಿಯೇ ಬಿಟ್ಟಳು, "ಏಮಯ್ಯಾ, ಟಿಕೆಟ್ ಇಸ್ತಾವಾ, ದಂಡಂ ಪೆಡತಾವಾ?" ಟಿಕೆಟ್ ಕೊಡ್ತೀಯೋ, ನಮಸ್ಕಾರ ಹಾಕ್ತಾ ಇರ್ತೀಯೋ ಎಂದು. ಬಸ್ಸೆಲ್ಲ ನಕ್ಕಿತು. ಅವಳು ಟಿಕೆಟ್ ಇಲ್ಲದೆ ಇಳಿದು ಹೋದಳು.

ಹತ್ತು ದಿನ ಹೀಗೇ ನಡೆಯಿತು. ಹತ್ತಿರದ ಸ್ಟಾಪಿನವರು ಕೈಯಲ್ಲಿ ನೋಟು ಹಿಡಿದು ಕಾದು ಕಾದು ಇಳಿದುಬಿಡುತ್ತಿದ್ದರು. ಭಾನುವಾರ ಸ್ಕಂದಗಿರಿ ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ಬೆನ್ನ ಮೇಲಿನ ಚೀಲಗಳಿಂದ ನನ್ನನ್ನು ಒತ್ತರಿಸಿ ನಿಂತಾಗಂತೂ ಕೆಂಪು ಬಟನ್ ಬಿಟ್ಟು ಬೇರೆ ಒತ್ತಿದ್ದೇ ನೆನಪಿಲ್ಲ. ನಮ್ಮ ಡ್ರೈವರ್ ನನಗಿಂತ ಎರಡು ವರ್ಷ ದೊಡ್ಡವನು, ಮಾತು ಖಾರ. "ಬಸ್ಸು ನಿಲ್ಲಿಸ್ಲೇನೋ, ಒಂದ್ ಟಿಕೇಟು ಹಡೀತೀಯಾ?" ಎಂದು ಕನ್ನಡಿಯಲ್ಲಿ ನೋಡಿ ಕೂಗುತ್ತಿದ್ದ. ಚಿಂತಾಮಣಿ ಬಸ್ಸಿನ ಕಂಡಕ್ಟರನದ್ದೂ ಇದೇ ಪಾಡು. ಎರಡೂ ಕೈ ತುಂಬಿದ್ದಾಗ ಅವನು ಮೂಗಿನ ತುದಿಯಲ್ಲಿ ಬಟನ್ ಒತ್ತಿದ್ದನ್ನು ಚಿಕ್ಕಬಳ್ಳಾಪುರದ ಸ್ಟ್ಯಾಂಡಿನಲ್ಲಿ ನಾನೇ ಕಣ್ಣಾರೆ ಕಂಡೆ. ಯಜಮಾನರಿಗೆ ಹೇಳೋಣ ಬಾರಯ್ಯ ಎಂದರೆ, "ನಮಗ್ಯಾಕಣ್ಣ ಊರ ಉಸಾಬರಿ" ಎಂದು ಮೂಗು ಒರೆಸಿಕೊಂಡು ಹೋದ.

ನಾನೊಬ್ಬನೇ ಹೋಗಿ ಹೇಳಿದೆ. ಬಟನ್ ಸಣ್ಣದು, ದೂರ, ಪಕ್ಕದಲ್ಲೇ ಕ್ಯಾನ್ಸಲ್. ಯಜಮಾನರು ನನ್ನ ಕೈ ಹಿಡಿದು ಹೆಬ್ಬೆರಳನ್ನು ತಿರುಗಿಸಿ ನೋಡಿದರು.

"ಬೆರಳು ದಪ್ಪ ಅಣ್ಣ ನಿಂದು. ವಯಸ್ಸೂ ಆಯ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ತಿಂಗಳು ಕಳೀಲಿ, ನೋಡಣ. ಆಗ್ಲಿಲ್ಲ ಅಂದ್ರೆ ನೀನು ಶೆಡ್ಡು ನೋಡ್ಕೊ, ಬಸ್ಸಿಗೆ ಬೇರೆಯವರನ್ನ ಹಾಕ್ತೀನಿ."

ಶೆಡ್ಡು ಎಂದರೆ ಬಸ್ಸು ತೊಳೆಯುವವರ ಮೇಲೆ ಕಣ್ಣಿಟ್ಟು ಕೂರುವ ಕೆಲಸ. ಸಂಬಳ ಬರುತ್ತದೆ, ಕುರ್ಚಿಯೂ ಇದೆ. ಆದರೆ ಅದು ನನ್ನ ಕೆಲಸವಲ್ಲ. ಈ ದಾರಿಯಲ್ಲಿ ಯಾವ ಹೆಂಗಸು ಯಾವ ತೋಟದ ಹತ್ತಿರ ಇಳಿಯುತ್ತಾಳೆ, ಯಾವ ಮುದುಕನಿಗೆ ಮೆಟ್ಟಿಲ ಹತ್ತಿರ ಕೈ ಕೊಡಬೇಕು, ಎಲ್ಲವೂ ನನಗೆ ಬಾಯಿಪಾಠ. ಇದನ್ನೆಲ್ಲ ಬಿಟ್ಟು ಒದ್ದೆ ನೆಲ ನೋಡುತ್ತ ಕೂರಬೇಕೇ? ಅದೂ ಒಂದು ಹುಣಸೆಬೀಜಕ್ಕೋಸ್ಕರ! ಕುಣಿಯಲಾರದವಳ ಗಾದೆ ಕಟ್ಟಿದವನು ಯಾರೋ ಏನೋ, ಅವನು ಆ ನೆಲವನ್ನು ಬಗ್ಗಿ ನೋಡಿದ್ದನೇ ಎಂದು ದಾರಿಯುದ್ದಕ್ಕೂ ಬೈದುಕೊಂಡೆ.

ಮನೆಗೆ ಹೋಗಿ ಹೆಂಡತಿಯ ಮುಂದೆ ಮಷೀನು ಇಟ್ಟೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು. ಒಂದು ಕ್ಷಣ ನೋಡಿ, ಅಡುಗೆಮನೆಯ ಒಗ್ಗರಣೆ ಡಬ್ಬಿಯ ಕಡೆ ಗದ್ದ ತೋರಿಸಿದಳು.

"ರೀ, ದಿನಾ ಹತ್ತು ಸಲ ಬೇಕಾಗೋ ಸಾಸಿವೇನ ಕೈಗೆ ಸಿಗೋ ಕಡೆ ಇಡ್ತಾರಾ, ಅಟ್ಟದ ಮೇಲಿಡ್ತಾರಾ? ಇವರ್ಯಾರೋ ಸಾಸಿವೆ ತೆಗೆದು ಅಟ್ಟದ ಮೇಲಿಟ್ಟವ್ರೆ. ಅದ್ರ ಪಕ್ಕದಲ್ಲೇ ವಿಷದ ಬಾಟ್ಲು ಬೇರೆ."

"ಬೆರಳು ದಪ್ಪ ಅಂದ್ರು ಕಣೇ."

"ಇದೇ ಬೆರಳಲ್ಲಿ ಸೂಜಿಗೆ ದಾರ ಪೋಣಿಸ್ಕೊಡ್ತೀರಲ್ಲ ನಂಗೆ?"

ಆ ಮಾತಿನಿಂದ ನನಗೆ ಎಲ್ಲಿಲ್ಲದ ಬಲ ಬಂತು. ಬೆರಳನ್ನು ಪರೀಕ್ಷೆ ಮಾಡಿಯೇ ಬಿಡೋಣ ಎಂದೆ. ಅವಳ ಸ್ಟಿಕ್ಕರ್ ಬೊಟ್ಟುಗಳು ಇದ್ದವು, ಹಬ್ಬಕ್ಕೆ ಇಡುವ ಕಾಸಗಲದ್ದು, ದಿನಾ ಇಡುವ ಸಣ್ಣದ್ದು. ಊಟದ ತಟ್ಟೆ ಬೋರಲು ಹಾಕಿ ಅದರ ಬೆನ್ನಿನ ಮೇಲೆ ಅಂಟಿಸಿದೆವು. ಮೊದಲು ಎರಡು ದೊಡ್ಡ ಬೊಟ್ಟು, ಹತ್ತಿರ ಹತ್ತಿರ. ಅವಳು ಬಾಯಲ್ಲಿ ಇಪ್ಪತ್ತರವರೆಗೆ ಎಣಿಸಬೇಕು, ಅಷ್ಟರಲ್ಲಿ ನಾನು ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ತಪ್ಪದೆ ಬೆರಳಿಡುತ್ತೇನೆ ನೋಡುವುದು. ಬೆರಳು ಅಕ್ಕಿ ಕುಟ್ಟಿದ ಹಾಗೆ ಟಕಟಕ ಓಡಿತು. ಅದೇ ದೊಡ್ಡ ಬೊಟ್ಟುಗಳನ್ನು ತಟ್ಟೆಯ ಎರಡು ಅಂಚಿಗೆ ಒಯ್ದೆವು, ಸ್ವಲ್ಪ ನಿಧಾನವಾಯಿತು. ಅದೇ ದೂರದಲ್ಲಿ ಸಣ್ಣ ಬೊಟ್ಟು ಅಂಟಿಸಿದೆವು, ಇನ್ನೂ ನಿಧಾನ, ಅರ್ಧಕ್ಕರ್ಧ ತಪ್ಪು. ಕೊನೆಗೆ ಸಣ್ಣ ಬೊಟ್ಟಿನ ಪಕ್ಕಕ್ಕೆ ತಾಗಿಸಿ ಇನ್ನೊಂದು ಬೊಟ್ಟು ಇಟ್ಟು, ಅದನ್ನು ಮುಟ್ಟಿದರೆ ಲೆಕ್ಕವೆಲ್ಲ ಮೊದಲಿಂದ ಎಂದೆವು. ಆಗ ಬೆರಳು ಬೊಟ್ಟಿನ ಹತ್ತಿರ ಹೋಗಿ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಹೆದರಿಕೆ! ತುಂಬಿದ ಕೊಡ ಹೊತ್ತವಳು ಅಗಲದ ಬಾಗಿಲಲ್ಲಿ ನಡೆದ ಹಾಗೆ ಇಕ್ಕಟ್ಟಿನ ಬಾಗಿಲಲ್ಲಿ ನಡೆಯುತ್ತಾಳೆಯೇ?

ಆಮೇಲೆ ನಾನು ಎಣಿಸಿದೆ, ಅವಳು ಒತ್ತಿದಳು. ಅವಳ ಬೆರಳು ನನ್ನದಕ್ಕಿಂತ ಸಣ್ಣ. ಆದರೂ ದೊಡ್ಡ ಬೊಟ್ಟಿಗೆ ಬೇಗ, ಸಣ್ಣದಕ್ಕೆ ನಿಧಾನ, ಪಕ್ಕದಲ್ಲಿ ಶತ್ರು ಇದ್ದರೆ ಇನ್ನೂ ನಿಧಾನ. ಅದೇ ಏರು, ಅದೇ ಇಳಿ. ತಟ್ಟೆ ಬದಲಾದಾಗೆಲ್ಲ ಇಬ್ಬರ ಬೆರಳೂ ಬದಲಾಗುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದಿನದಿಂದ, ನಿಜವಾಗಿಯೂ ನನ್ನ ಕೈಯೇ ಸೋತಿರಬಹುದು ಎನ್ನುವ ಅನುಮಾನ ಒಳಗೊಳಗೇ ನನ್ನನ್ನು ತಿನ್ನುತ್ತಿತ್ತು. ಅವತ್ತು ಆ ಅನುಮಾನವನ್ನು ಹುರುಳಿಕಾಯಿ ನಾರಿನ ಜೊತೆ ಹೊರಗೆ ಎಸೆದೆ.

ಮಾರನೆಯ ದಿನ ತಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಯಜಮಾನರ ಮನೆಗೆ ಹೋದೆ. ಬೊಟ್ಟು ಅಂಟಿಸಿದ ತಟ್ಟೆ ನೋಡಿ ಅವರು ಬಿದ್ದು ಬಿದ್ದು ನಕ್ಕರು. "ಅಣ್ಣಾ, ಹೆಣ್ಣು ನೋಡಕ್ಕೆ ಬಂದ್ಯಾ?" ಎಂದರು. ನಾನು ನಗಲಿಲ್ಲ.

"ಫೋಟೋ ಸ್ವಲ್ಪ ಸಣ್ಣ ಮಾಡ್ಸಿ ಯಜಮಾನ್ರೇ. ಕೆಳಗಡೆ ಬಟನ್ ಇಡ್ಸಿ. ಅಷ್ಟು ಸಾಕು."

ಅವರ ನಗು ನಿಂತಿತು. "ಅಪ್ಪನ್ನ ಸಣ್ಣ ಮಾಡು ಅಂತೀಯಾ?"

"ಫೋಟೋನ ಅಂದೆ."

"ಎಲ್ಲಾ ಒಂದೇ. ಒಂದ್ ಬೆರಳು ನೆಟ್ಟಗೆ ಆಡಲ್ಲ ಅಂತ ಅಪ್ಪನ್ನ ಅಲ್ಲಾಡಿಸ್ಬೇಕಾ?"

"ಹಾಗಾದ್ರೆ ಸೋಮವಾರ ನೀವೇ ಬಂದು ಒಂದ್ ಟ್ರಿಪ್ಪು ಟಿಕೆಟ್ ಕೊಡಿ. ನನ್ನ ಹಾಗೇ ನಿಂತ್ಕೊಂಡು, ನನ್ನ ಹಾಗೇ ನೋಟು ಹಿಡ್ಕೊಂಡು. ನೀವು ಕೊಟ್ಟುಬಿಟ್ರೆ ನಾನೇ ಶೆಡ್ಡಿಗೆ ಹೋಗ್ತೀನಿ, ಯಾರೂ ಕಳಿಸೋದು ಬೇಡ."

ಅಷ್ಟು ಆಡಬಾರದಿತ್ತೇನೋ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರೂ ಹಟದವರು, ಬರ್ತೀನಿ ಎಂದರು.

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದು ಹತ್ತಿದರು. ಸಂತೆಗೆ ಹೊರಟವರು, ಹೂವಿನ ಮೂಟೆಗಳು, ಕಾಲೇಜು ಮಕ್ಕಳು, ಬಸ್ಸು ಕಿಕ್ಕಿರಿದಿತ್ತು. ಮುಂದಿನ ಸೀಟಿನಲ್ಲಿ ಕೂತು ಶುರು ಮಾಡಲು ಹೋದರು. "ಕೂತ್ಕೊಂಡಲ್ಲ ಯಜಮಾನ್ರೇ, ನಿಂತ್ಕೊಂಡು" ಎಂದೆ. ಎದ್ದರು. ಚರ್ಮದ ಚೀಲ ಹೆಗಲಿಗೆ ಹಾಕಿದೆ. ಎಡಗೈಯ ಬೆರಳ ಸಂದಿಗಳಿಗೆ ನೋಟು ಸಿಕ್ಕಿಸಿದೆ. ಅವರ ಅಪ್ಪ ಒಂದು ಕಾಲದಲ್ಲಿ ನನ್ನ ಬೆರಳುಗಳಿಗೆ ಸಿಕ್ಕಿಸಿದ ಹಾಗೆಯೇ.

ಊರು ದಾಟುವವರೆಗೆ ರಸ್ತೆ ಸಪಾಟಾಗಿತ್ತು, ಮೂರು ಟಿಕೆಟ್ ಬಂದವು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಮೇಲೆ ರಸ್ತೆಯಲ್ಲಿ ಮೊದಲನೆಯ ಹಂಪು ಬಂತು. ಬೆರಳು ಕೆಂಪಿಗೆ ಬಿತ್ತು. ಎರಡನೆಯ ಸಲವೂ ಕೆಂಪು. ತೋರುಬೆರಳಿನಲ್ಲಿ ಒತ್ತೋಣವೆಂದು ಎಡಗೈ ಎತ್ತಿದರು, ಇಪ್ಪತ್ತರ ನೋಟುಗಳೆಲ್ಲ ಉದುರಿ ಸೀಟಿನ ಕೆಳಗೆ ಹರಡಿದವು. ಹೂವಿನ ಹೆಂಗಸೊಬ್ಬಳು ಬಗ್ಗಿ ಆರಿಸಿಕೊಟ್ಟಳು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಇಬ್ಬರು ಇಳಿದು ಹೋದರು. ಕಣಿವೆಯ ತಿರುವುಗಳಲ್ಲಿ ಯಜಮಾನರು ಕಂಬಿಯನ್ನು ತಬ್ಬಿಕೊಂಡೇ ಉಳಿದರು. ಮಷೀನು ಅವರ ಎದೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡು ತಾನೇ ತಾನಾಗಿ ಏನೇನೋ ಒತ್ತಿಸಿಕೊಳ್ಳುತ್ತಿತ್ತು.

"ಬಸ್ಸು ನೆಟ್ಟಗೆ ಓಡ್ಸಯ್ಯಾ! ಎಲ್ಲಾ ಅಲ್ಲಾಡ್ತಾ ಇದೆ!" ಎಂದು ಡ್ರೈವರಿಗೆ ಕೂಗಿದರು.

ನನ್ನ ಬಾಯಿ ಸುಮ್ಮನಿರಬೇಕಿತ್ತು, ಇರಲಿಲ್ಲ. "ಏನ್ ಯಜಮಾನ್ರೇ, ನೆಲ ಡೊಂಕಾ?" ಎಂದುಬಿಟ್ಟೆ.

ಗಾದೆ ಎಲ್ಲರಿಗೂ ಗೊತ್ತಲ್ಲ. ಬಸ್ಸು ಬಸ್ಸೇ ನಕ್ಕಿತು. ಡ್ರೈವರ್ ಸ್ಟೀರಿಂಗ್ ಗುದ್ದಿ ನಕ್ಕ. ಯಜಮಾನರ ಮುಖ ಕೆಂಪು ಬಟನ್ನಿಗಿಂತ ಕೆಂಪಾಯಿತು. ಮಂಚೇನಹಳ್ಳಿ ಬಂದಿತ್ತು. "ಇಳಿ ಕೆಳಗೆ," ಎಂದರು. ಅಣ್ಣ ಎನ್ನಲಿಲ್ಲ. "ನಿನ್ನ ಕೆಲಸ ಮುಗೀತು."

ನಾನು ಬೇಡಿಕೊಳ್ಳಲಿಲ್ಲ. ಶಿಳ್ಳೆಯನ್ನು ಕೊರಳಿಂದ ತೆಗೆದು ಅವರ ಕೈಗೆ ಕೊಟ್ಟು ಇಳಿದೆ. ಬಸ್ಸು ಗೌರಿಬಿದನೂರಿನ ಕಡೆ ಹೊರಟಿತು. ಹೊರಡಲು ಶಿಳ್ಳೆ ಊದಬೇಕೆಂದು ಕೂಡ ಅವರಿಗೆ ತೋಚಲಿಲ್ಲ, ಡ್ರೈವರೇ ಹೊರಡಿಸಿದ.

ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆ. ಸಿಟ್ಟು ಇಳಿಯುತ್ತಾ ಬಂದ ಹಾಗೆ ಭಯ ಏರಿತು. ಇಪ್ಪತ್ನಾಲ್ಕು ವರ್ಷದಲ್ಲಿ ಆ ಬಸ್ಸು ನನ್ನನ್ನು ಬಿಟ್ಟು ಹೋದದ್ದು ಅದೇ ಮೊದಲು. ಹೆಬ್ಬೆರಳನ್ನು ನೋಡಿಕೊಂಡೆ. ಒಂದು ಮಾತಿಗೆ ಕೆಲಸ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು. ಆದರೆ ಆಡಿದ ಮಾತು ತಪ್ಪು ಎಂದು ಮಾತ್ರ ಅನ್ನಿಸಲಿಲ್ಲ, ಎಷ್ಟು ಹೊತ್ತು ಕೂತರೂ ಅನ್ನಿಸಲಿಲ್ಲ. ಇನ್ನೊಂದು ಬಸ್ಸು ಹತ್ತಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಬಸ್ಸು ಇದೇ ದಾರಿಯಲ್ಲಿ ವಾಪಸ್ಸು ಬರಬೇಕು, ಬರಲಿ, ನನ್ನ ಮುಖ ನೋಡಿ ಮುಂದೆ ಹೋಗಲಿ ಎಂದು ಕೂತೆ.

ಬಂತು. ನಿಂತಿತು. ಯಜಮಾನರು ಇಳಿದರು. ಇಸ್ತ್ರಿ ಶರ್ಟು ಬೆವರಿನಲ್ಲಿ ಬೆನ್ನಿಗಂಟಿತ್ತು, ನೋಟುಗಳೆಲ್ಲ ಒಂದೇ ಮುಷ್ಟಿಯಲ್ಲಿ ಮುದ್ದೆಯಾಗಿದ್ದವು. ಬೆಂಚಿನ ತುದಿಯಲ್ಲಿ ಕೂತು, ನನ್ನ ಕಡೆ ನೋಡದೆ ಎರಡು ಚಹಾ ಹೇಳಿದರು. ಆಮೇಲೆ ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳುತ್ತ ಕೂತರು.

"ನೋಟು ಬಿಡಿಸಕ್ಕೆ ನಾಲಿಗೆಗೆ ಹಚ್ಚಿದೀನಿ ಅಣ್ಣ. ಗೊತ್ತೇ ಆಗ್ಲಿಲ್ಲ. ಆಮೇಲೆ ನೋಡಿದ್ರೆ ಅಪ್ಪನ ಮುಖದ ತುಂಬಾ ನನ್ನ ಎಂಜಲು." ಅವರ ದನಿ ಸಣ್ಣಗಾಗಿತ್ತು. "ಹೋಗ್ತಾ ಬರ್ತಾ ಎಷ್ಟು ಸಲ ಕಣ್ಣಿಗೊತ್ತಿಕೊಂಡೆನೋ."

"ನಾನು ಹದಿನೈದು ದಿನದಿಂದ ಒತ್ತಿಕೊಳ್ತಾ ಇದೀನಿ," ಎಂದೆ.

ಚೀಲವನ್ನು ನನ್ನ ಮಡಿಲಿಗೆ ಇಟ್ಟರು. "ಹತ್ತು ಅಣ್ಣ, ಹೋಗಣ."

ಹತ್ತಿಬಿಡುವ ಮನಸ್ಸಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಚೀಲವನ್ನು ಬೆಂಚಿನ ಮೇಲೆ ಇಳಿಸಿದೆ. "ಬಟನ್ ಕೆಳಗೆ ಇಳಿದ್ರೆ ನಾನು ಮೇಲೆ ಹತ್ತೀನಿ. ಇಲ್ಲಾಂದ್ರೆ ಇಲ್ಲ. ಶೆಡ್ಡಿಗೂ ಬರಲ್ಲ."

"ಅಪ್ಪನ್ನ ಎಲ್ಲಿಗೆ ಕಳಿಸ್ಲಿ?"

ನಾನು ನಿಂತಿದ್ದ ಬಸ್ಸಿನ ಮುಂಭಾಗ ತೋರಿಸಿದೆ. "ಆ ಕನ್ನಡಿ ಪಕ್ಕ. ಇಂಜಿನ್ ಹತ್ರ ನಿಂತ್ಕೊಂಡು, ಕನ್ನಡಿಯಾಗೆ ಹಿಂದಿನ ಸೀಟಿನ ತನಕ ನೋಡ್ತಿದ್ರು, ಟಿಕೆಟ್ ತಗೊಳ್ದೆ ಇರೋರು ಯಾರು ಅಂತ. ಅದು ಅವರ ಜಾಗ. ನನ್ನ ಅಂಗೈಯಲ್ಲಿ ಅವರಿಗೇನು ಕೆಲಸ? ಅವರೇ ಇದ್ದಿದ್ರೆ, ಟಿಕೆಟ್ಟಿಗೆ ಅಡ್ಡ ನಿಂತವನು ಯಾವನೋ ಅಂತ ಮೊದಲು ತಮ್ಮ ಫೋಟೋನೇ ಇಳಿಸೋರು."

ಯಜಮಾನರು ಚಹಾ ಕುಡಿದು ಮುಗಿಸಿದರು. ಕಂಪನಿಯ ಹುಡುಗಿಗೆ ಫೋನ್ ಮಾಡಿದರು.

ಅವಳು ಎರಡು ದಿನದ ನಂತರ ಬಂದಳು, ಅಲ್ಲಿಯವರೆಗೆ ನಾನು ಚೀಲ ಮುಟ್ಟಲಿಲ್ಲ. ಅವಳನ್ನೂ ನಾನು ಬಿಡಲಿಲ್ಲ. ಚೀಲ ಹಾಕಿ, ನೋಟು ಸಿಕ್ಕಿಸಿ, ಮೊದಲ ಸ್ಟಾಪಿನವರೆಗೆ ನಿಲ್ಲಿಸಿದೆ. ಪಾಪ, ಬಿಳಿಚಿಕೊಂಡಳು. "ಸಾರಿ ಅಂಕಲ್, ನಾವು ಟೇಬಲ್ ಮೇಲೆ ಇಟ್ಟು ನೋಡಿದ್ವಿ," ಎಂದಳು. "ಟೇಬಲ್ ಮೇಲೆ ಯಾರೂ ಬಸ್ ಹತ್ತಲ್ಲ ಕಣಮ್ಮ," ಎಂದೆ. ಅವಳು ಲ್ಯಾಪ್‌ಟಾಪ್ ತೆಗೆದು, ಲೋಟದ ಚಹಾ ಆರುವಷ್ಟರಲ್ಲಿ ಬದಲಾಯಿಸಿಬಿಟ್ಟಳು. ಪ್ರಿಂಟ್ ಬಟನ್ ಕೆಳಗೆ, ಹೆಬ್ಬೆರಳು ತಾನಾಗಿ ಬಂದು ಕೂರುವ ಕಡೆ, ಕೊಬ್ಬರಿ ಬಿಸ್ಕತ್ತಿನಷ್ಟು ಅಗಲ. ಕ್ಯಾನ್ಸಲ್ ಹೋಗಿ ಹಳೆಯ ಮೂಲೆಯಲ್ಲಿ ಒಂಟಿಯಾಗಿ ಕೂತಿತು, ಬೇಕೆಂದೇ ಚಾಚಿದರೆ ಮಾತ್ರ ಸಿಗುವಂತೆ. ಚಹಾ ಆರುವಷ್ಟು ಹೊತ್ತಿನ ಕೆಲಸ! ಅದಕ್ಕೆ ನನ್ನ ಇಪ್ಪತ್ನಾಲ್ಕು ವರ್ಷವನ್ನು ಪಣಕ್ಕಿಡಬೇಕಾಯಿತು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ದೊಡ್ಡ ಯಜಮಾನರು ಈಗ ಕನ್ನಡಿಯ ಪಕ್ಕದಲ್ಲಿದ್ದಾರೆ, ಕಟ್ಟು ಹಾಕಿಸಿದ ಫೋಟೋ, ಮುಂಚಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ದಿನಾ ಒಬ್ಬ ಹೂವಿನ ಹೆಂಗಸು ಇಳಿಯುವ ಮುಂಚೆ ಒಂದು ಸೇವಂತಿಗೆ ಸಿಕ್ಕಿಸಿ ಹೋಗುತ್ತಾಳೆ. ಮಂಚೇನಹಳ್ಳಿ ಬರುವುದರೊಳಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲದವರು ಯಾರೂ ಇರುವುದಿಲ್ಲ. ಚಿಂತಾಮಣಿ ಬಸ್ಸಿನವನ ಮೂಗಿಗೂ ಬಿಡುವು ಸಿಕ್ಕಿದೆ. ಅವನು ಇದುವರೆಗೂ ಒಂದು ಲೋಟ ಚಹಾ ಕೊಡಿಸಿಲ್ಲ.

ಮೊನ್ನೆ ಯಜಮಾನರು ಯಾರೋ ನೆಂಟರನ್ನು ಬಸ್ಸು ಹತ್ತಿಸಲು ಸ್ಟ್ಯಾಂಡಿಗೆ ಬಂದಿದ್ದರು. ನಾನು ಹೆಬ್ಬೆರಳಾಡಿಸಿ ಆರು ಟಿಕೆಟ್ ಕೊಟ್ಟದ್ದನ್ನು ನೋಡಿ, ನೆಂಟರಿಗೆ ಹೆಮ್ಮೆಯಿಂದ ಹೇಳಿದರು: "ನಮ್ಮಣ್ಣಂಗೆ ಮೊದ್ಲು ಬರ್ತಿರ್ಲಿಲ್ಲ. ಈಗ ನೋಡಿ, ಕೈ ಹೆಂಗ್ ಚುರುಕಾಗದೆ!"

ಬಸ್ಸು ಹೊರಡುವುದರಲ್ಲಿತ್ತು. ಸುಮ್ಮನೆ ನಕ್ಕು ಶಿಳ್ಳೆ ಊದಬಹುದಿತ್ತು. ನಾನು ಶಿಳ್ಳೆಯನ್ನು ಬಾಯಿಂದ ತೆಗೆದೆ.

"ಕೈ ಅದೇ ಕೈ ಯಜಮಾನ್ರೇ," ಎಂದೆ, ನೆಂಟರಿಗೂ ಕೇಳಿಸುವಂತೆ. ಆಮೇಲೆ ಶಿಳ್ಳೆ ಊದಿದೆ.